275 ಅಲಾರಂಗಳ ನಡುವೆ ಒಂದು

1994ರ ಜುಲೈ 24, ಭಾನುವಾರ. ಬ್ರಿಟನ್ನಿನ ವೇಲ್ಸ್ ಕರಾವಳಿಯ ಮಿಲ್ಫರ್ಡ್ ಹೇವನ್‌ನಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಗುಡುಗು ಸಿಡಿಲಿನ ಮಳೆ ಹಿಡಿಯಿತು. ಅಲ್ಲಿನ ಟೆಕ್ಸಾಕೊ ತೈಲ ಶುದ್ಧೀಕರಣಾಗಾರಕ್ಕೆ ಸಿಡಿಲು ಬಡಿದು ಕಚ್ಚಾ ತೈಲ ಘಟಕದಲ್ಲಿ ಬೆಂಕಿ ಹೊತ್ತಿಕೊಂಡಿತು. ಕರೆಂಟು ಹೋಗಿ ಬಂದು ಆಗತೊಡಗಿತು. ಒಂದೊಂದಾಗಿ ಘಟಕಗಳನ್ನು ನಿಲ್ಲಿಸಿದರು, ಒಂದನ್ನು ಮಾತ್ರ ನಡೆಸುತ್ತ ಹೋದರು. ಮಳೆ ನಿಂತ ಎಷ್ಟೋ ಹೊತ್ತಿನ ಮೇಲೆ, ಮಧ್ಯಾಹ್ನ 1 ಗಂಟೆ 23 ನಿಮಿಷಕ್ಕೆ, ಉಳಿಸಿಕೊಂಡಿದ್ದ ಆ ಘಟಕದಿಂದಲೇ ಸುಮಾರು 20 ಟನ್ ಹೈಡ್ರೊಕಾರ್ಬನ್ ಹೊರಚೆಲ್ಲಿ, ಆವಿಯ ಮೋಡವಾಗಿ ಹರಡಿ ಸ್ಫೋಟಿಸಿತು. 26 ಜನರಿಗೆ ಗಾಯವಾಯಿತು. ಯಾರೂ ಸಾಯಲಿಲ್ಲ. ಭಾನುವಾರವಾದ್ದರಿಂದ ಆವರಣದಲ್ಲಿ ಜನ ಕಡಿಮೆ ಇದ್ದರು, ಅಷ್ಟೆ. ಮತ್ತೆ ಕಟ್ಟಲು ತಗಲಿದ ಖರ್ಚು ಸುಮಾರು 4.8 ಕೋಟಿ ಪೌಂಡ್.

ಸಿಡಿಲು ಹೊಡೆದದ್ದು ಬೆಳಿಗ್ಗೆ, ಸ್ಫೋಟವಾದದ್ದು ಐದು ಗಂಟೆಗಳ ನಂತರ. ಆ ಐದು ಗಂಟೆಗಳಲ್ಲಿ ಕಂಟ್ರೋಲ್ ರೂಂನಲ್ಲಿ ಏನು ನಡೆಯಿತು ಎಂಬುದನ್ನು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ನಿಯಂತ್ರಣ ಸಂಸ್ಥೆ ತನಿಖೆ ಮಾಡಿ 1997ರಲ್ಲಿ ವರದಿ ಹೊರತಂದಿತು. ಪ್ರಪಂಚದ ಕಾರ್ಖಾನೆಗಳು ಅಲಾರಂ ಎಂಬ ಸಾಧನವನ್ನು ನೋಡುವ ಕಣ್ಣನ್ನೇ ಬದಲಿಸಿದ ವರದಿ ಅದು.

ನಡೆದದ್ದಿಷ್ಟು. ಡಿಬ್ಯುಟನೈಸರ್ ಎಂಬ ಎತ್ತರದ ಕಾಲಂ ಒಂದಿತ್ತು. ಬ್ಯುಟೇನಿನಂಥ ಹಗುರ ಅನಿಲಗಳನ್ನು ಪೆಟ್ರೋಲಿನಿಂದ ಬೇರ್ಪಡಿಸುವುದು ಅದರ ಕೆಲಸ. ಬೆಳಗಿನ ಗಲಿಬಿಲಿಯಲ್ಲಿ ಅದರಿಂದ ದ್ರವ ಹೊರಹೋಗುವ ದಾರಿಯ ವಾಲ್ವ್ ಮುಚ್ಚಿಕೊಂಡು ಹಾಗೇ ಸಿಕ್ಕಿಹಾಕಿಕೊಂಡಿತು. ಕಂಟ್ರೋಲ್ ರೂಂನ ಪರದೆಯಲ್ಲಿ ಮಾತ್ರ ಅದು ತೆರೆದೇ ಇತ್ತು. ಒಳಕ್ಕೆ ದ್ರವ ಬರುತ್ತಲೇ ಇದೆ, ಹೊರಕ್ಕೆ ದಾರಿಯಿಲ್ಲ. ಒತ್ತಡ ಏರಿದಾಗಲೆಲ್ಲ ಸುರಕ್ಷತಾ ವಾಲ್ವುಗಳು ತೆರೆದು, ಹೆಚ್ಚಾದದ್ದನ್ನು ಸುಡುವ ಫ್ಲೇರ್ ವ್ಯವಸ್ಥೆಗೆ ತಳ್ಳಿದವು. ಫ್ಲೇರಿಗೆ ಹೋಗುವ ಮುನ್ನ ದ್ರವವನ್ನು ಹಿಡಿದಿಡಲು ಇದ್ದ ಡ್ರಮ್ ತುಂಬಿತು. ಅದರಾಚೆಯ ಪೈಪು ಅನಿಲಕ್ಕಾಗಿ ಮಾಡಿದ್ದೇ ಹೊರತು ದ್ರವದ ಭಾರಕ್ಕಲ್ಲ. ತುಕ್ಕು ಹಿಡಿದು ಸವೆದಿದ್ದ ತಿರುವಿನಲ್ಲಿ ಅದು ಮುರಿಯಿತು.

ಡ್ರಮ್ ತುಂಬುತ್ತಿದೆ ಎಂದು ಹೇಳುವ ಅಲಾರಂ ಇತ್ತು. ಸ್ಫೋಟಕ್ಕೆ ಸುಮಾರು 25 ನಿಮಿಷ ಮೊದಲೇ ಅದು ಬಡಿದಿತ್ತು ಕೂಡ. ಯಾರೂ ಗಮನಿಸಲಿಲ್ಲ. ಅಲಾರಂಗಳ ಗದ್ದಲದಲ್ಲಿ ಗಮನಿಸುವಂತಿರಲೂ ಇಲ್ಲ. ಸ್ಫೋಟದ ಹಿಂದಿನ ಕೊನೆಯ 11 ನಿಮಿಷಗಳಲ್ಲೇ ಇಬ್ಬರು ಆಪರೇಟರುಗಳ ಮುಂದೆ ಬಂದ ಅಲಾರಂಗಳು 275. ಲೆಕ್ಕ ಹಾಕಿದರೆ ಎರಡೂವರೆ ಸೆಕೆಂಡಿಗೂ ಮುಂಚೆಯೇ ಇನ್ನೊಂದು. ಓದಿ ಅರ್ಥ ಮಾಡಿಕೊಳ್ಳುವುದಿರಲಿ, ಸದ್ದು ನಿಲ್ಲಿಸುವ ಬಟನ್ ಒತ್ತುವುದಕ್ಕೇ ಒಬ್ಬರ ಕೈ ಪೂರ್ತಿ ಬೇಕು. ವ್ಯವಸ್ಥೆಯಲ್ಲಿದ್ದ 2040 ಅಲಾರಂಗಳಲ್ಲಿ 87 ಶೇಕಡಾ ಅಲಾರಂಗಳಿಗೆ 'ಅತಿ ತುರ್ತು' ಎಂಬ ಹಣೆಪಟ್ಟಿ ಹಚ್ಚಲಾಗಿತ್ತು. ಎಲ್ಲವೂ ತುರ್ತಾದ ಮೇಲೆ ಯಾವುದು ತುರ್ತು ಎಂದು ಆಪರೇಟರ್ ತಿಳಿಯುವುದು ಹೇಗೆ?

ಪುಕ್ಕಟೆಯಾಗಿ ಸಿಕ್ಕ ಅಲಾರಂ

ಇಷ್ಟೊಂದು ಅಲಾರಂಗಳು ಬಂದು ಕೂತದ್ದಾದರೂ ಎಲ್ಲಿಂದ? ಅದಕ್ಕೊಂದು ಚರಿತ್ರೆ ಇದೆ. ಹಿಂದಿನ ಕಂಟ್ರೋಲ್ ರೂಂಗಳಲ್ಲಿ ಗೋಡೆಯುದ್ದಕ್ಕೂ ಪ್ಯಾನೆಲ್ ಇರುತ್ತಿತ್ತು. ಪ್ರತಿ ಅಲಾರಂಗೂ ಅದರದೇ ಚೌಕ, ಚೌಕದ ಹಿಂದೆ ಬಲ್ಬು, ಬಲ್ಬಿನಿಂದ ಫೀಲ್ಡಿನವರೆಗೆ, ಅಂದರೆ ಹೊರಗಿನ ಯಂತ್ರಗಳವರೆಗೆ, ತಂತಿ. ಹೊಸದೊಂದು ಬೇಕೆಂದರೆ ಪ್ಯಾನೆಲ್ಲಿನಲ್ಲಿ ಜಾಗ ಹುಡುಕಬೇಕು, ಕೇಬಲ್ ಎಳೆಯಬೇಕು, ದುಡ್ಡು ಮಂಜೂರು ಮಾಡಿಸಬೇಕು. ಹಾಗಾಗಿ 'ಇದು ನಿಜವಾಗಿ ಬೇಕೆ?' ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

1975ರಲ್ಲಿ ಹನಿವೆಲ್ ಮತ್ತು ಯೊಕೊಗಾವಾ ಕಂಪನಿಗಳು ಕಂಪ್ಯೂಟರ್ ಆಧಾರಿತ ನಿಯಂತ್ರಣ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದವು. ಪ್ಲಾಂಟಿನವರ ಬಾಯಲ್ಲಿ ಅದು ಡಿಸಿಎಸ್. ಅಲ್ಲಿಂದ ಮುಂದೆ ಅಲಾರಂ ಸೇರಿಸುವುದೆಂದರೆ ಕೀಬೋರ್ಡಿನಲ್ಲಿ ಒಂದು ಅಂಕಿ ಒತ್ತುವುದು, ಅಷ್ಟೆ. ಒಂದೇ ಒಂದು ಉಷ್ಣತೆಯ ಅಳತೆಗೆ 'ಹೆಚ್ಚು', 'ತೀರಾ ಹೆಚ್ಚು', 'ಕಡಿಮೆ', 'ತೀರಾ ಕಡಿಮೆ' ಎಂದು ನಾಲ್ಕು ಅಲಾರಂ ಖರ್ಚಿಲ್ಲದೆ ಸಿಕ್ಕವು. ಅಪಾಯ ಪರಿಶೀಲನೆಯ ಸಭೆಗಳಲ್ಲೂ ಹಾಗೇ. 'ಇಲ್ಲಿ ಹರಿವು ನಿಂತರೆ?' ಎಂದು ಒಬ್ಬರು ಕೇಳಿದರೆ 'ಒಂದು ಅಲಾರಂ ಹಾಕೋಣ' ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಸಭೆ ಮುಂದಿನ ಅಂಶಕ್ಕೆ ಹೋಗುತ್ತಿತ್ತು. ಖರ್ಚಿಲ್ಲದ ಆ ಅಲಾರಂನ ಬೆಲೆ ತೆರಬೇಕಾದವರು ರಾತ್ರಿ ಪಾಳಿಯ ಆಪರೇಟರುಗಳು. ಅವರ ಗಮನದಿಂದಲೇ ಅದನ್ನು ತೆಗೆಯುವುದು. ಒಬ್ಬ ಮನುಷ್ಯನ ಬಳಿ ಇರುವ ಗಮನ ಇಷ್ಟೇ ಎಂಬ ಲೆಕ್ಕ ಆ ಸಭೆಗಳಲ್ಲಿ ಯಾರ ಕಡತದಲ್ಲೂ ಇರಲಿಲ್ಲ.

ಆ ಲೆಕ್ಕವನ್ನು ಬರೆದಿಟ್ಟದ್ದು ಮಿಲ್ಫರ್ಡ್ ಹೇವನ್ ನಂತರ. ಬ್ರಿಟನ್ನಿನ ಎಂಜಿನಿಯರಿಂಗ್ ಬಳಕೆದಾರರ ಸಂಘ ಇಇಎಂಯುಎ 1999ರಲ್ಲಿ ತನ್ನ 191ನೇ ಮಾರ್ಗದರ್ಶಿಯನ್ನು ಪ್ರಕಟಿಸಿತು. ಅಮೆರಿಕದ ಐಎಸ್‌ಎ ಸಂಸ್ಥೆ 2009ರಲ್ಲಿ 18.2 ಎಂಬ ಮಾನದಂಡ ರೂಪಿಸಿತು. 2014ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ, ಅಂದರೆ ಐಇಸಿ, 62682 ಎಂಬ ಸಂಖ್ಯೆಯಲ್ಲಿ ಅದನ್ನು ಜಾಗತಿಕ ಮಾನದಂಡವಾಗಿಸಿತು. ಮೂರರ ತಿರುಳೂ ಒಂದೇ: ಆಪರೇಟರ್ ಸಕಾಲದಲ್ಲಿ ಏನಾದರೂ ಮಾಡಲೇಬೇಕಾದ ಪರಿಸ್ಥಿತಿಯನ್ನು ತಿಳಿಸುವುದಕ್ಕೆ ಮಾತ್ರ ಅಲಾರಂ ಎಂದು ಹೆಸರು. ಮಾಡಲು ಏನೂ ಇಲ್ಲದಿದ್ದರೆ, ಅಥವಾ ಮಾಡುವಷ್ಟು ಸಮಯ ಉಳಿದಿಲ್ಲದಿದ್ದರೆ ಅದಕ್ಕೆ ಅಲಾರಂಗಳ ಪಟ್ಟಿಯಲ್ಲಿ ಜಾಗವಿಲ್ಲ.

ಅಳತೆಗಳನ್ನೂ ಕೊಟ್ಟರು. ಪ್ಲಾಂಟ್ ಸುಗಮವಾಗಿ ನಡೆಯುವಾಗ ಒಬ್ಬ ಆಪರೇಟರಿಗೆ ಸರಾಸರಿ 10 ನಿಮಿಷಕ್ಕೆ ಒಂದು ಅಲಾರಂ ಬಂದರೆ ನಿಭಾಯಿಸಬಹುದು. 10 ನಿಮಿಷಕ್ಕೆ 10ಕ್ಕಿಂತ ಹೆಚ್ಚಾದರೆ ಅದು ಅಲಾರಂ ಪ್ರವಾಹ. ಒಟ್ಟು ಅಲಾರಂಗಳಲ್ಲಿ ಸುಮಾರು 80 ಶೇಕಡಾ ಕೆಳ ಆದ್ಯತೆಯವು, 15 ಶೇಕಡಾ ಮಧ್ಯಮ, ಅತಿ ತುರ್ತಿನವು 5 ಶೇಕಡಾ ಮಾತ್ರ ಇರಬೇಕು. ಮಿಲ್ಫರ್ಡ್ ಹೇವನ್‌ನ 87 ಶೇಕಡಾವನ್ನು ಈ 5ರ ಪಕ್ಕದಲ್ಲಿಟ್ಟು ನೋಡಿದರೆ ಅಲ್ಲಿ ಕೂತಿದ್ದವರ ಪಾಡು ಗೊತ್ತಾಗುತ್ತದೆ.

ಪದರದ ಮೇಲೆ ಪದರ

ಅಲಾರಂ ಒಂದೇ ಕಾರ್ಖಾನೆಯನ್ನು ಕಾಯುವುದಿಲ್ಲ. ಅದರ ಕೆಳಗೂ ಮೇಲೂ ಬೇರೆ ಬೇರೆ ಪದರಗಳಿವೆ. ಪೆಟ್ರೋಲ್ ತುಂಬುವ ಒಂದು ಟ್ಯಾಂಕನ್ನೇ ತೆಗೆದುಕೊಳ್ಳಬಹುದು. ದಿನನಿತ್ಯದ ನಿಯಂತ್ರಣ ವ್ಯವಸ್ಥೆ ಮಟ್ಟವನ್ನು ಅಳೆಯುತ್ತ ವಾಲ್ವುಗಳನ್ನು ಅಷ್ಟಿಷ್ಟು ತೆರೆದು ಮುಚ್ಚುತ್ತಿರುತ್ತದೆ. ಅದು ಕೈತಪ್ಪಿದರೆ ಅಲಾರಂ ಬಡಿದು ಮನುಷ್ಯನನ್ನು ಕರೆಯುತ್ತದೆ. ಮನುಷ್ಯನೂ ತಡ ಮಾಡಿದರೆ ಟ್ರಿಪ್ ಆಗುತ್ತದೆ, ಅಂದರೆ ಯಾರನ್ನೂ ಕೇಳದೆ ಒಳಬರುವ ದಾರಿಯನ್ನು ಮುಚ್ಚುವ ಪ್ರತ್ಯೇಕ ಸುರಕ್ಷತಾ ವ್ಯವಸ್ಥೆ ಕೆಲಸಕ್ಕಿಳಿಯುತ್ತದೆ. ಅದಕ್ಕೆ ಬೇರೆಯದೇ ಸೆನ್ಸರ್, ಬೇರೆಯದೇ ಕಂಪ್ಯೂಟರ್, ಬೇರೆಯದೇ ವಾಲ್ವ್ ಇರಬೇಕು. ಅದೂ ಸೋತರೆ ಚೆಲ್ಲಿದ್ದನ್ನು ತಡೆಯಲು ಟ್ಯಾಂಕಿನ ಸುತ್ತ ಕಟ್ಟಿದ ಒಡ್ಡು, ಅಗ್ನಿಶಾಮಕ ದಳ, ಊರ ಜನರನ್ನು ತೆರವು ಮಾಡಿಸುವ ಯೋಜನೆ.

ಮೂರನೆಯ ಪದರದ ಶಾಸ್ತ್ರಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಫಂಕ್ಷನಲ್ ಸೇಫ್ಟಿ. ಐಇಸಿಯ 61508 ಮತ್ತು ಪ್ರೊಸೆಸ್ ಕಾರ್ಖಾನೆಗಳಿಗೆಂದೇ ಬರೆದ 61511 ಎಂಬ ಮಾನದಂಡಗಳು ಇದರ ಮೂಲಗ್ರಂಥಗಳು. ಕರೆದಾಗ ಸುರಕ್ಷತಾ ವ್ಯವಸ್ಥೆ ಎಷ್ಟು ಖಾತ್ರಿಯಾಗಿ ಬರುತ್ತದೆ ಎಂಬುದನ್ನು ಇವು ನಾಲ್ಕು ಮೆಟ್ಟಿಲುಗಳಲ್ಲಿ ಅಳೆಯುತ್ತವೆ. ಅವುಗಳಿಗೆ 'ಸಿಲ್' 1ರಿಂದ 4 ಎಂದು ಹೆಸರು. ಸಿಲ್ 1 ಎಂದರೆ ಅಪಾಯವನ್ನು ಕನಿಷ್ಠ ಹತ್ತು ಪಟ್ಟು ಇಳಿಸುವಷ್ಟು ನೆಚ್ಚಬಹುದಾದದ್ದು. ಸಿಲ್ 2 ನೂರು ಪಟ್ಟು, ಸಿಲ್ 3 ಸಾವಿರ ಪಟ್ಟು. ಮೆಟ್ಟಿಲು ಏರಿದಂತೆ ಖರ್ಚೂ ಏರುತ್ತದೆ. ಒಂದು ಸೆನ್ಸರ್ ಇದ್ದ ಕಡೆ ಮೂರು ಇಟ್ಟು, ಎರಡು ಒಪ್ಪಿದರೆ ಮಾತ್ರ ಟ್ರಿಪ್ ಮಾಡುವ ಏರ್ಪಾಡು ಸಾಮಾನ್ಯ. ಒಂದು ಸೆನ್ಸರ್ ಸುಮ್ಮನೆ ಕೂಗಿದರೆ ಪ್ಲಾಂಟ್ ನಿಲ್ಲುವುದಿಲ್ಲ, ಒಂದು ಸತ್ತುಹೋದರೆ ರಕ್ಷಣೆ ತಪ್ಪುವುದಿಲ್ಲ.

ಹಾಗಾದರೆ ಅಲಾರಂ ನೋಡಿ ಕೆಲಸ ಮಾಡುವ ಮನುಷ್ಯನಿಗೆ ಈ ಲೆಕ್ಕದಲ್ಲಿ ಎಷ್ಟು ಅಂಕ? ಚೆನ್ನಾಗಿ ವಿನ್ಯಾಸ ಮಾಡಿದ ಅಲಾರಂ, ತರಬೇತಾದ ಆಪರೇಟರ್, ಸಾಕಷ್ಟು ಸಮಯ ಇವೆಲ್ಲ ಇದ್ದರೂ ರೂಢಿಯಲ್ಲಿ ಕೊಡುವುದು ಹತ್ತು ಪಟ್ಟು ಮಾತ್ರ. ಹತ್ತು ಸಲ ಕರೆದರೆ ಒಂದು ಸಲ ತಪ್ಪಬಹುದು ಎಂದು ಒಪ್ಪಿಕೊಂಡೇ ಲೆಕ್ಕ ಶುರು. ಅಲಾರಂ ಪ್ರವಾಹದ ನಡುವೆ ಕೂತವರಿಗೆ ಆ ಹತ್ತನ್ನೂ ಕೊಡುವಂತಿಲ್ಲ.

ಸುರಕ್ಷತಾ ವ್ಯವಸ್ಥೆಗೆ ಇನ್ನೊಂದು ತೊಡಕಿದೆ. ಅಡುಗೆಮನೆಯ ಕುಕ್ಕರಿನಲ್ಲಿ ವಿಷಲ್ ದಿನಾ ಕೂಗುತ್ತದೆ, ಕೆಟ್ಟರೆ ಅಂದೇ ಗೊತ್ತಾಗುತ್ತದೆ. ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್ ಹಾಗಲ್ಲ. ವರ್ಷಗಟ್ಟಲೆ ಅದಕ್ಕೆ ಕೆಲಸವೇ ಇಲ್ಲ. ವಿಷಲಿನ ರಂಧ್ರ ಗಂಜಿ ಕಟ್ಟಿಕೊಂಡ ಒಂದು ದಿನ ಅದು ಕೆಲಸ ಮಾಡಲೇಬೇಕು. ಆ ದಿನ ಮಾಡುತ್ತದೆಯೇ ಎಂದು ನೋಡಿ ಹೇಳುವಂತಿಲ್ಲ. ಕಾರ್ಖಾನೆಯ ಟ್ರಿಪ್ ವಾಲ್ವುಗಳದೂ ಇದೇ ಸ್ಥಿತಿ. ತುಕ್ಕು ಹಿಡಿದು ಬಿಗಿದುಕೊಂಡಿದ್ದರೂ ಹೊರಗಿನಿಂದ ಏನೂ ಕಾಣದು. ಅದಕ್ಕೇ ಗೊತ್ತುಪಡಿಸಿದ ಅವಧಿಗೊಮ್ಮೆ ಅವನ್ನು ಬೇಕೆಂದೇ ಕೆಲಸ ಮಾಡಿಸಿ ನೋಡುವುದು 61511ರಲ್ಲಿ ಕಡ್ಡಾಯ. ಪರೀಕ್ಷೆ ತಪ್ಪಿದರೆ ಕಾಗದದ ಮೇಲಿನ ಸಿಲ್ 2 ಕಾಗದದ ಮೇಲೇ ಉಳಿಯುತ್ತದೆ.

ಒಂದು ಬೀಗದ ಕತೆ

2005ರ ಡಿಸೆಂಬರ್ 11ರ ನಸುಕು, ಲಂಡನ್ನಿನ ಉತ್ತರಕ್ಕಿರುವ ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರ. 912ನೇ ಟ್ಯಾಂಕಿಗೆ ಪೈಪ್‌ಲೈನಿನಿಂದ ಪೆಟ್ರೋಲ್ ತುಂಬುತ್ತಿತ್ತು. ಮೂರು ಗಂಟೆಯ ಸುಮಾರಿಗೆ ಮಟ್ಟ ತೋರಿಸುವ ಗೇಜ್ ಸಿಕ್ಕಿಹಾಕಿಕೊಂಡಿತು. ಪರದೆಯ ಮೇಲೆ ಟ್ಯಾಂಕಿನ ಮಟ್ಟ ಮೂರರಲ್ಲಿ ಎರಡು ಪಾಲಿನಲ್ಲಿ ನಿಂತುಬಿಟ್ಟಿತು. ಪೆಟ್ರೋಲ್ ಏರುತ್ತಲೇ ಇತ್ತು. ಗೇಜನ್ನೇ ನೆಚ್ಚಿಕೊಂಡಿದ್ದ ಅಲಾರಂಗಳಿಗೂ ಮಟ್ಟ ಏರಿದ್ದು ಗೊತ್ತಾಗಲಿಲ್ಲ. ಅದೇ ಗೇಜ್ ಅದಕ್ಕೂ ಹಿಂದಿನ ಮೂರೂವರೆ ತಿಂಗಳಲ್ಲಿ 14 ಸಲ ಹೀಗೆ ಸಿಕ್ಕಿಹಾಕಿಕೊಂಡಿತ್ತು.

ಇಂಥ ಹೊತ್ತಿಗೆಂದೇ ಟ್ಯಾಂಕಿನ ನೆತ್ತಿಯ ಮೇಲೆ ಗೇಜಿನ ಹಂಗಿಲ್ಲದ ಇನ್ನೊಂದು ಸ್ವಿಚ್ ಇತ್ತು. ಪೆಟ್ರೋಲ್ ಅಲ್ಲಿಗೆ ಮುಟ್ಟಿದರೆ ಒಳಹರಿವು ತಾನಾಗಿ ನಿಲ್ಲಬೇಕು. ಆ ಸ್ವಿಚ್ಚಿಗೆ ಪರೀಕ್ಷೆಗಾಗಿ ಒಂದು ಪುಟ್ಟ ಲಿವರ್. ಲಿವರನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡಲು ಒಂದು ಬೀಗ ಹಾಕಬೇಕಿತ್ತು. ಬೀಗ ಇಲ್ಲದಿದ್ದರೆ ಲಿವರ್ ಕೆಳಗಿಳಿದು ಸ್ವಿಚ್ ಸತ್ತಂತೆಯೇ. ಅಳವಡಿಸಿದವರಿಗೂ ನಿರ್ವಹಿಸಿದವರಿಗೂ ಆ ಬೀಗ ಯಾಕೆಂದು ತಿಳಿದಿರಲಿಲ್ಲ. ಯಾರೂ ಅದನ್ನು ಹಾಕಿರಲಿಲ್ಲ.

ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲ್ ಟ್ಯಾಂಕಿನ ತುದಿಯಿಂದ ಜಲಪಾತದಂತೆ ಸುರಿದು, ಚಳಿಗಾಲದ ನಿಶ್ಚಲ ಗಾಳಿಯಲ್ಲಿ ಬಿಳಿ ಮಂಜಾಗಿ ಹರಡಿತು. ಬೆಳಿಗ್ಗೆ 6 ಗಂಟೆ 1 ನಿಮಿಷಕ್ಕೆ ಸ್ಫೋಟ. ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅದೂ ಭಾನುವಾರವೇ ಆಗಿದ್ದರಿಂದ ಅಕ್ಕಪಕ್ಕದ ಕಚೇರಿಗಳು ಖಾಲಿ ಇದ್ದವು. ಬೆಂಕಿ ನಂದಲು ದಿನಗಳೇ ಹಿಡಿದವು.

ಅದೇ ವರ್ಷದ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ಶುದ್ಧೀಕರಣಾಗಾರದಲ್ಲಿ ಅದೃಷ್ಟ ಅಷ್ಟು ಮೃದುವಾಗಿರಲಿಲ್ಲ. 170 ಅಡಿ ಎತ್ತರದ ಕಾಲಂ ಒಂದನ್ನು ಮತ್ತೆ ಚಾಲೂ ಮಾಡುವಾಗ ದ್ರವ ಸುಮಾರು 158 ಅಡಿವರೆಗೆ ಏರಿತ್ತು. ಪರದೆ ಮಾತ್ರ ಮಟ್ಟ ಹತ್ತು ಅಡಿಯೊಳಗಿದೆ, ಇಳಿಯುತ್ತಲೂ ಇದೆ ಎಂದು ಹೇಳುತ್ತಿತ್ತು. ಎತ್ತರ ಮಟ್ಟದ ಒಂದು ಅಲಾರಂ ಬೆಳಗಿನ ಜಾವದಿಂದಲೂ ಹತ್ತಿಕೊಂಡೇ ಇತ್ತು. ಚಾಲೂ ಮಾಡುವಾಗ ಅದು ಹಾಗಿರುವುದು ಮಾಮೂಲಾಗಿಬಿಟ್ಟಿತ್ತು. ಬೇರೆಯಾಗಿ ಅಳವಡಿಸಿದ್ದ ಎರಡನೆಯ ಅಲಾರಂ ಬಡಿಯಲೇ ಇಲ್ಲ. ಪರದೆಯ ಮುಂದಿದ್ದ ಆಪರೇಟರ್ 12 ಗಂಟೆಯ ಪಾಳಿಯನ್ನು 29 ದಿನ ಬಿಡುವಿಲ್ಲದೆ ಮಾಡಿದ್ದರು. ಸ್ಫೋಟದಲ್ಲಿ 15 ಜನ ಸತ್ತರು, 180 ಜನ ಗಾಯಗೊಂಡರು.

ಪರದೆ ಹೇಳಿದ್ದೂ ಫೀಲ್ಡಿನಲ್ಲಿ ಇದ್ದದ್ದೂ ಬೇರೆಯಾದ ಕತೆ ಇನ್ನೂ ಹಳೆಯದು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದು ಹಾಗೇ ನಿಂತುಬಿಟ್ಟಿತು. ಪ್ಯಾನೆಲ್ಲಿನ ದೀಪ ಆರಿದ್ದರಿಂದ ವಾಲ್ವ್ ಮುಚ್ಚಿದೆ ಎಂದೇ ಆಪರೇಟರುಗಳು ತಿಳಿದರು. ನಿಜಕ್ಕೂ ಆ ದೀಪ ವಾಲ್ವಿನ ಸ್ಥಿತಿಯನ್ನು ತೋರಿಸುತ್ತಿರಲಿಲ್ಲ, ಮುಚ್ಚು ಎಂಬ ಆಜ್ಞೆ ಹೋಗಿದೆಯೇ ಎಂಬುದನ್ನಷ್ಟೇ ತೋರಿಸುತ್ತಿತ್ತು. ಮೊದಲ ಕೆಲವು ನಿಮಿಷಗಳಲ್ಲೇ ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಕೂಗಿದವು. ಎರಡು ಗಂಟೆಗೂ ಹೆಚ್ಚು ಕಾಲ ಆ ವಾಲ್ವಿನಿಂದ ತಂಪುಕಾರಕ ನೀರು ಸೋರಿಹೋಯಿತು, ರಿಯಾಕ್ಟರಿನ ತಿರುಳು ಭಾಗಶಃ ಕರಗಿತು.

ಭೋಪಾಲದಿಂದ ವಿಶಾಖಪಟ್ಟಣದವರೆಗೆ

ಭಾರತಕ್ಕೆ ಇದು ದೂರದ ಸುದ್ದಿಯಲ್ಲ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಿಂದ ಸುಮಾರು 40 ಟನ್ ವಿಷಾನಿಲ ಹೊರಬಿದ್ದಾಗ, ರಕ್ಷಣೆಯ ಪದರಗಳು ಒಂದರ ಮೇಲೊಂದು ಗೈರುಹಾಜರಾಗಿದ್ದವು. ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲವನ್ನು ತೊಳೆಯುವ ಸ್ಕ್ರಬ್ಬರ್ ಸಿದ್ಧ ಸ್ಥಿತಿಯಲ್ಲಿರಲಿಲ್ಲ. ಅನಿಲವನ್ನು ಸುಡಬೇಕಿದ್ದ ಫ್ಲೇರಿನ ಪೈಪನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ತಂಪು ತಪ್ಪಿದೊಡನೆ ಬಡಿಯಬೇಕಿದ್ದ ಉಷ್ಣತೆಯ ಅಲಾರಂಗೆ, ತಂಪು ಮಾಡುವುದನ್ನೇ ಬಿಟ್ಟ ಮೇಲೆ ಅರ್ಥವೇ ಉಳಿದಿರಲಿಲ್ಲ. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಬದುಕುಳಿದವರಲ್ಲಿ ಎಷ್ಟೋ ಮಂದಿ ಇಂದಿಗೂ ಅದರ ನೋವು ಉಣ್ಣುತ್ತಿದ್ದಾರೆ.

2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿ ಇಂಡಿಯನ್ ಆಯಿಲ್ ಸಂಗ್ರಹಾಗಾರದಿಂದ ಪೆಟ್ರೋಲ್ ಒಂದು ಗಂಟೆಗೂ ಹೆಚ್ಚು ಕಾಲ ಚಿಮ್ಮಿ, ಆಮೇಲೆ ಸ್ಫೋಟವಾಗಿ 11 ಜನ ಸತ್ತರು. ಸೋರುವ ಜಾಗದ ಹತ್ತಿರ ಹೋಗಲು ಆವಿ ಬಿಡಲಿಲ್ಲ. ದೂರದ ಕಂಟ್ರೋಲ್ ರೂಂನಿಂದಲೇ ಟ್ಯಾಂಕಿನ ವಾಲ್ವ್ ಮುಚ್ಚುವ ಏರ್ಪಾಡು ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ತನಿಖೆ ನಡೆಸಿದ ಎಂ.ಬಿ. ಲಾಲ್ ಸಮಿತಿಯ ಶಿಫಾರಸುಗಳು ದೇಶದ ತೈಲ ಸಂಗ್ರಹಾಗಾರಗಳ ಸುರಕ್ಷತೆಗೆ ಹೊಸ ಕಟ್ಟಳೆಗಳನ್ನು ತಂದವು.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಸ್ಟೈರೀನ್ ಟ್ಯಾಂಕ್ ಕಾದು ಅನಿಲ ಹೊರಬಂದಾಗ ದೇಶ ಲಾಕ್‌ಡೌನಿನಲ್ಲಿತ್ತು. 12 ಜನ ತೀರಿಕೊಂಡರು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಎರಡು ಸಂಗತಿಗಳನ್ನು ಗುರುತಿಸಿತು. ಟ್ಯಾಂಕಿನ ಉಷ್ಣತೆಯನ್ನು ತಳದಲ್ಲಿ ಮಾತ್ರ ಅಳೆಯುತ್ತಿದ್ದರು, ಮೇಲಿನ ಪದರ ಎಷ್ಟು ಕಾದಿದೆ ಎಂದು ಕಂಟ್ರೋಲ್ ರೂಂಗೆ ತಿಳಿಯುವ ಮಾರ್ಗವೇ ಇರಲಿಲ್ಲ. ಕಾರ್ಖಾನೆಯಲ್ಲಿ 36 ಕಡೆಗಳಿಂದ ಸೈರನ್ ಹಾಕಲು ಸಾಧ್ಯವಿತ್ತು, ಒಂದು ಕಡೆಯಿಂದಲೂ ಹಾಕಲಿಲ್ಲ. ಪಕ್ಕದ ವೆಂಕಟಾಪುರದ ಜನರನ್ನು ಎಬ್ಬಿಸಿದ್ದು ಉಸಿರುಗಟ್ಟಿಸುವ ವಾಸನೆ.

ಅತಿಯಾದ ಅಲಾರಂನ ರೋಗ ಕೊನೆಗೆ ಹೀಗೂ ಕಾಣಿಸಿಕೊಳ್ಳುತ್ತದೆ: ಸುಳ್ಳು ಕೂಗಿಗೆ ಬೇಸತ್ತವರು ಕೂಗನ್ನೇ ನಿಲ್ಲಿಸಿಬಿಡುತ್ತಾರೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ 11 ಜನರನ್ನು ಬಲಿ ತೆಗೆದುಕೊಂಡ ಡೀಪ್‌ವಾಟರ್ ಹೊರೈಜನ್ ತೈಲ ವೇದಿಕೆಯಲ್ಲಿ ಸಾಮಾನ್ಯ ಅಲಾರಂ ತಾನಾಗಿ ಬಡಿಯದಂತೆ ಮಾಡಿಡಲಾಗಿತ್ತು. ರಾತ್ರಿ ಮೂರು ಗಂಟೆಗೆ ಸುಳ್ಳು ಅಲಾರಂನಿಂದ ಜನರ ನಿದ್ದೆ ಕೆಡಬಾರದೆಂಬುದು ಅದರ ಕಾರಣ ಎಂದು ಅಲ್ಲಿನ ತಂತ್ರಜ್ಞರೊಬ್ಬರು ವಿಚಾರಣೆಯಲ್ಲಿ ಹೇಳಿದರು.

ಅಲಾರಂ ಶುಚಿಗೊಳಿಸುವ ಕೆಲಸ

ಈ ರೋಗಕ್ಕೆ ಮದ್ದಿದೆ. ದುಬಾರಿ ಯಂತ್ರ ಬೇಡ, ತಾಳ್ಮೆ ಬೇಕು. ಒಂದು ಕೋಣೆಯಲ್ಲಿ ಅನುಭವಿ ಆಪರೇಟರುಗಳು, ಪ್ರೊಸೆಸ್ ಎಂಜಿನಿಯರ್, ಇನ್‌ಸ್ಟ್ರುಮೆಂಟ್ ವಿಭಾಗದವರು ವಾರಗಟ್ಟಲೆ ಕೂತು ಅಲಾರಂಗಳ ಪಟ್ಟಿಯನ್ನು ಒಂದೊಂದಾಗಿ ಕೈಗೆತ್ತಿಕೊಳ್ಳುತ್ತಾರೆ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ. ಇದು ಯಾವ ಕಾರಣಕ್ಕೆ ಬರುತ್ತದೆ? ಕಡೆಗಣಿಸಿದರೆ ಏನಾಗುತ್ತದೆ? ಬಂದಾಗ ಆಪರೇಟರ್ ಏನು ಮಾಡಬೇಕು? ಮಾಡಲು ಎಷ್ಟು ಸಮಯವಿದೆ? ಮೂರನೆಯ ಪ್ರಶ್ನೆಗೆ 'ಸುಮ್ಮನೆ ಗೊತ್ತಿರಲಿ ಅಂತ' ಎಂಬ ಉತ್ತರ ಬಂದರೆ ಆ ಅಲಾರಂ ಅಲ್ಲೇ ಪಟ್ಟಿಯಿಂದ ಹೊರಗೆ. ಉಳಿದವುಗಳಿಗೆ ಪರಿಣಾಮ ಎಷ್ಟು ಕೆಟ್ಟದ್ದು, ಸಮಯ ಎಷ್ಟು ಕಡಿಮೆ ಎಂಬುದರ ಮೇಲೆ ಆದ್ಯತೆ. ಉತ್ತರಗಳನ್ನೆಲ್ಲ ಬರೆದಿಟ್ಟರೆ ಅದೇ ಹೊಸ ಆಪರೇಟರಿಗೆ ಪಾಠದ ಪುಸ್ತಕವಾಗುತ್ತದೆ.

ಇನ್ನು ಸಣ್ಣ ರಿಪೇರಿಗಳು. ಟ್ಯಾಂಕಿನ ಮಟ್ಟ 80 ಶೇಕಡಾ ಮುಟ್ಟಿದರೆ ಅಲಾರಂ ಎಂದುಕೊಳ್ಳಿ. ದ್ರವದ ಮೇಲ್ಮೈ ಸದಾ ತುಯ್ಯುತ್ತಿರುತ್ತದೆ. 80.1 ಆದಾಗ ಬಡಿಯುತ್ತದೆ, 79.9ಕ್ಕೆ ನಿಲ್ಲುತ್ತದೆ, ಮತ್ತೆ ಬಡಿಯುತ್ತದೆ. ಒಂದೇ ಅಲಾರಂ ಒಂದು ಪಾಳಿಯಲ್ಲಿ ನೂರಾರು ಸಲ ಬರಬಹುದು. 80ಕ್ಕೆ ಬಡಿದದ್ದು 77ಕ್ಕೆ ಇಳಿದ ಮೇಲಷ್ಟೇ ನಿಲ್ಲಲಿ ಎಂದು ನಡುವೆ ಒಂದು ಅಂತರ ಇಟ್ಟರೆ ಗದ್ದಲ ಮುಗಿಯಿತು. ನಿಲ್ಲಿಸಿಟ್ಟ ಪಂಪಿನಲ್ಲಿ 'ಹರಿವು ಕಡಿಮೆ' ಎಂದು ಅಲಾರಂ ಬರುವುದು ಇನ್ನೊಂದು ಪೀಡೆ. ಪಂಪ್ ಓಡುತ್ತಿರುವಾಗ ಮಾತ್ರ ಅದು ಎಚ್ಚರವಿರುವಂತೆ ತರ್ಕ ಬರೆದರೆ ಸಾಕು. ಯಾವ ಪ್ಲಾಂಟಿನಲ್ಲೇ ಲೆಕ್ಕ ತೆಗೆದರೂ ಕೈಬೆರಳಲ್ಲಿ ಎಣಿಸಬಹುದಾದಷ್ಟು ಕೆಟ್ಟ ಅಲಾರಂಗಳೇ ಗದ್ದಲದ ದೊಡ್ಡ ಪಾಲನ್ನು ಹೊತ್ತಿರುತ್ತವೆ. ಅವನ್ನು ಸರಿಪಡಿಸಿದ ವಾರದಲ್ಲೇ ಕಂಟ್ರೋಲ್ ರೂಂನಲ್ಲಿ ವ್ಯತ್ಯಾಸ ಕಿವಿಗೆ ಬೀಳುತ್ತದೆ.

ಸೆನ್ಸರ್ ಕೆಟ್ಟು ರಿಪೇರಿಗೆ ಕಾಯುತ್ತಿದ್ದರೆ ಅದರ ಅಲಾರಂ ಅನ್ನು ಸ್ವಲ್ಪ ಕಾಲ ಪಕ್ಕಕ್ಕಿಡುವ ಸೌಲಭ್ಯವೂ ಇದೆ. ಯಾರು ಇಟ್ಟರು, ಯಾಕೆ, ಎಷ್ಟು ಹೊತ್ತಿಗೆ ಎಂಬುದು ದಾಖಲಾಗಬೇಕು, ಹೊತ್ತು ಮುಗಿದೊಡನೆ ಅದು ತಾನಾಗಿ ವಾಪಸು ಬರಬೇಕು. ಟ್ರಿಪ್ ವ್ಯವಸ್ಥೆಯನ್ನು ಬೈಪಾಸ್ ಮಾಡುವುದಾದರೆ ಕಟ್ಟುನಿಟ್ಟು ಇನ್ನೂ ಹೆಚ್ಚು: ಲಿಖಿತ ಅನುಮತಿ, ಆ ಹೊತ್ತಿಗೆ ಬದಲಿ ರಕ್ಷಣೆ, ಪಾಳಿ ಬದಲಾದಾಗ ಮುಂದಿನವರಿಗೆ ಬಾಯಲ್ಲಿ ಹೇಳಿ ಪುಸ್ತಕದಲ್ಲೂ ಬರೆಯುವುದು. ಬೈಪಾಸ್ ಮಾಡಿದ್ದು ಮರೆತುಹೋಗುವುದು ಹೆಚ್ಚಾಗಿ ಪಾಳಿ ಬದಲಾಗುವ ಆ ಕಾಲು ಗಂಟೆಯಲ್ಲೇ.

ಈಚೆಗೆ ಹೊಸ ಬಗೆಯ ಅಪಾಯವೊಂದು ಸೇರಿಕೊಂಡಿದೆ. 2017ರಲ್ಲಿ ಸೌದಿ ಅರೇಬಿಯದ ಪೆಟ್ರೊಕೆಮಿಕಲ್ ಕಾರ್ಖಾನೆಯೊಂದರ ಸುರಕ್ಷತಾ ಕಂಪ್ಯೂಟರಿನೊಳಕ್ಕೇ ದಾಳಿಕೋರರು ನುಗ್ಗಿದರು. ಟ್ರೈಟನ್ ಎಂದು ಹೆಸರಾದ ಆ ಕುತಂತ್ರಾಂಶದ ಗುರಿ ಟ್ರಿಪ್ ಮಾಡುವ ಪದರವೇ ಆಗಿತ್ತು. ಸುರಕ್ಷತಾ ಕಂಪ್ಯೂಟರಿನ ಮುಖದ ಮೇಲೆ ಒಂದು ಕೀಲಿ ಇರುತ್ತದೆ. ಅದನ್ನು 'ರನ್' ಕಡೆ ತಿರುಗಿಸಿಟ್ಟರೆ ಹೊರಗಿನಿಂದ ಯಾರೂ ಅದರ ಪ್ರೋಗ್ರಾಂ ಬದಲಿಸುವಂತಿಲ್ಲ. ಅಲ್ಲಿ ಕೀಲಿಯನ್ನು 'ಪ್ರೋಗ್ರಾಂ' ಸ್ಥಾನದಲ್ಲೇ ಬಿಟ್ಟಿದ್ದರು. ದಾಳಿಯಲ್ಲಿ ಏನೋ ಎಡವಟ್ಟಾಗಿ ಸುರಕ್ಷತಾ ವ್ಯವಸ್ಥೆ ಪ್ಲಾಂಟನ್ನು ನಿಲ್ಲಿಸಿದ್ದರಿಂದ ವಿಷಯ ಬೆಳಕಿಗೆ ಬಂತು.

ಬೇಲಿಯ ಹೊರಗಿನವರು

ಇವೆಲ್ಲ ಬೇಲಿಯೊಳಗಿನ ಕೆಲಸ. ಬೇಲಿಯ ಹೊರಗಿರುವವರಿಗೂ ಕಾನೂನು ಜಾಗ ಕೊಟ್ಟಿದೆ. ಭೋಪಾಲದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಜಾರಿಯಾದವು. ದೊಡ್ಡ ಅಪಾಯದ ಕಾರ್ಖಾನೆಗಳು ತಮ್ಮ ಆವರಣದ ತುರ್ತು ಯೋಜನೆಯ ಅಣಕು ಕಾರ್ಯಾಚರಣೆಯನ್ನು ಆರು ತಿಂಗಳಿಗೊಮ್ಮೆ ಮಾಡಬೇಕು. ಆವರಣದ ಹೊರಗಿನ ಯೋಜನೆಯ ತಾಲೀಮನ್ನು ಅಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ದುರಂತವಾದರೆ ತೊಂದರೆಗೆ ಸಿಲುಕಬಹುದಾದ ಸುತ್ತಲಿನ ಜನರಿಗೆ ಅಪಾಯದ ಸ್ವರೂಪವನ್ನೂ, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನೂ ಮೊದಲೇ ತಿಳಿಸುವುದು ಕಾರ್ಖಾನೆಯ ಹೊಣೆ.

ಕರ್ನಾಟಕದಲ್ಲಿ ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಮಂಗಳೂರಿನ ಉತ್ತರಕ್ಕಿರುವ ಪಣಂಬೂರು, ಬೈಕಂಪಾಡಿ, ಸುರತ್ಕಲ್ ಸುತ್ತಿನವರಿಗೆ ಅನ್ವಯಿಸುತ್ತದೆ. ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ರಸಗೊಬ್ಬರ ಕಾರ್ಖಾನೆ, ಬಂದರು, ಅಡುಗೆ ಅನಿಲದ ಸಂಗ್ರಹಾಗಾರಗಳು ಎಲ್ಲವೂ ಜನವಸತಿಯ ಮಗ್ಗುಲಲ್ಲೇ ಇವೆ. ತಮ್ಮ ಊರಿನ ಪಾಲಿನ ತಾಲೀಮು ಕಳೆದ ಸಲ ಯಾವಾಗ ನಡೆಯಿತು, ಅಪಾಯದ ಸೈರನ್ನಿಗೂ ಪಾಳಿ ಬದಲಾಗುವ ಸೈರನ್ನಿಗೂ ಸದ್ದಿನಲ್ಲಿ ಏನು ವ್ಯತ್ಯಾಸ, ಕೇಳಿಸಿದಾಗ ಬಾಗಿಲು ಕಿಟಕಿ ಮುಚ್ಚಿ ಒಳಗಿರಬೇಕೋ ಗಾಳಿಗೆ ಅಡ್ಡಲಾಗಿ ಹೊರಟುಹೋಗಬೇಕೋ, ಶಾಲೆಯಲ್ಲಿರುವ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎದ್ದು ಕೇಳಬಹುದು. ಉತ್ತರ ಕೊಡಬೇಕಾದವರು ಜಿಲ್ಲಾಡಳಿತ, ಕಾರ್ಖಾನೆಯ ಆಡಳಿತ ವರ್ಗ ಮತ್ತು ರಾಜ್ಯದ ಕಾರ್ಖಾನೆಗಳು ಹಾಗೂ ಬಾಯ್ಲರುಗಳ ಇಲಾಖೆ.